ಬಿಸಿಲು ನೋಡಿ ಫ್ರಿಜ್ ತಗೋ, ಮಗಳೇ

ಬಾಡಿಗೆ ಮನೆ ಸಣ್ಣದು, ಫ್ರಿಜ್ಜೂ ಸಣ್ಣದೇ ಸಾಕು ಅಂತ ನೀವಿಬ್ಬರೂ ಮಾತಾಡಿಕೊಂಡಿರಂತೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ನಿನ್ನ ಬುದ್ಧಿ ನನಗೆ ಗೊತ್ತು, ಸಂತೋಷವೂ ಇದೆ. ಆದರೆ ಕೋಣೆಯ ಅಳತೆ ಆಮೇಲೆ ನೋಡೋಣ. ನಮ್ಮ ಕಡೆ ಫ್ರಿಜ್ ತಗೊಳ್ಳುವವರು ಮೊದಲು ಏಪ್ರಿಲ್-ಮೇ ತಿಂಗಳ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು.

ಆ ದಿನಗಳಲ್ಲಿ ಹೊಸಪೇಟೆ, ಕಂಪ್ಲಿಯಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ಹಂಪಿಯ ಬಂಡೆಗಳು ಹಗಲೆಲ್ಲ ಕಾದು ರಾತ್ರಿ ಊಟದ ಹೊತ್ತಿಗೂ ಝಳ ಬಿಡುತ್ತಿರುತ್ತವೆ. ಫ್ರಿಜ್ಜು ಮಾಡುವ ಕೆಲಸವಾದರೂ ಏನು? ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದು. ಹೊರಗೇ ಕಾದ ಹೆಂಚಿನಂಥ ಮನೆಯಿದ್ದರೆ ಅದು ಹಗಲೂ ರಾತ್ರಿ ಏದುಸಿರು ಬಿಡಬೇಕು. ಅದಕ್ಕೇ ಅಂಗಡಿಯಲ್ಲಿ ಬಾಗಿಲು ತೆಗೆದು ಒಳಗೆ, ಇಲ್ಲವೇ ಹಿಂಬದಿಗೆ ಅಂಟಿಸಿರುವ ಚೀಟಿ ಓದು. ‘ಕ್ಲೈಮೇಟ್ ಕ್ಲಾಸ್’ ಅಂತ ಒಂದು ಸಾಲು ಇರುತ್ತದೆ. ‘ಎನ್’ ಎಂದಿದ್ದರೆ 32 ಡಿಗ್ರಿವರೆಗಿನ ಸೆಕೆಗೆ ಮಾಡಿದ್ದು, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗೆ. ನಮಗೆ ಬೇಕಾದ್ದು ‘ಟಿ’. ಬಣ್ಣ, ಬಾಗಿಲ ಮೇಲಿನ ಹೂವಿನ ಚಿತ್ರ ಎಲ್ಲ ಆಮೇಲೆ.

ಕಂಪ್ರೆಸರ್ ಇಲ್ಲದ ಪುಟ್ಟ ತಂಪು ಪೆಟ್ಟಿಗೆಗಳೂ ಸಿಗುತ್ತವೆ. ಗೋದ್ರೇಜ್‌ನವರು ಹಿಂದೆ ಇದೇ ಬಗೆಯಲ್ಲಿ ‘ಛೋಟುಕೂಲ್’ ಅಂತ ತಂದಿದ್ದರು, 12 ವೋಲ್ಟಿನ ಬ್ಯಾಟರಿ ಮೇಲೂ ಓಡುತ್ತಿತ್ತು. ಬಡವರ ಮನೆಗೂ ತಂಪು ಮುಟ್ಟಲಿ ಎಂಬ ಆ ಯೋಚನೆ ನನಗೆ ಇಂದಿಗೂ ಇಷ್ಟ. ಆದರೆ ಈ ಜಾತಿಯ ಪೆಟ್ಟಿಗೆಗಳು ಹೊರಗಿನ ಶಾಖಕ್ಕಿಂತ ಸುಮಾರು 20 ಡಿಗ್ರಿ ಇಳಿಸಿದರೆ ಹೆಚ್ಚು. ಹೊರಗೆ 42 ಇದ್ದರೆ ಒಳಗೆ 22. ಹಾಲು, ಹಿಟ್ಟು ಉಳಿಯಬೇಕಾದರೆ 4 ಡಿಗ್ರಿ ಆಸುಪಾಸು ಇರಬೇಕು. ನೀರು ತಣ್ಣಗಾದೀತು, ಹಾಲು ಉಳಿಯದು.

ಇನ್ನು ನೀನು ನೋಡಿಬಂದ 45-50 ಲೀಟರಿನ ಮಿನಿ ಫ್ರಿಜ್. ಹಂಪಿ, ಕಮಲಾಪುರದ ಲಾಡ್ಜ್ ಕೋಣೆಗೆ ಅದು ಸರಿ, ನಾಲ್ಕು ಬಾಟಲಿ ನೀರು ಇಟ್ಟರೆ ಮುಗಿಯಿತು. ಸಂಸಾರಕ್ಕೆ ಬೇಡ. ಐಸಿನ ಗೂಡಿಗೆ ಗಟ್ಟಿ ಬಾಗಿಲಿಲ್ಲದ್ದರಿಂದ ಪಕ್ಕಕ್ಕಿಟ್ಟ ಸೊಪ್ಪು ಹೆಪ್ಪುಗಟ್ಟುತ್ತದೆ, ಕೆಳಗಿಟ್ಟ ಮೊಸರು ಹುಳಿಯಾಗುತ್ತದೆ. ಊರಿಂದ ನಿಮ್ಮತ್ತೆ ಬಂದಾಗ ಅವರ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹೆಪ್ಪುಗಟ್ಟಿದರೆ ಆ ಔಷಧಿ ಕೆಲಸಕ್ಕೆ ಬಾರದು. ಮಿನಿ ತಗೊಂಡರೆ ಕರೆಂಟೂ ಅಷ್ಟೇನೂ ಉಳಿಯುವುದಿಲ್ಲ. ಜಾಗದ ಮಾತು ಕೇಳು: ಮಿನಿ ಫ್ರಿಜ್ ಸುಮಾರು ಒಂದೂವರೆ ಅಡಿ ಅಗಲ ಬೇಡುತ್ತದೆ, 180-190 ಲೀಟರಿನ ಒಂದು ಬಾಗಿಲಿನದು ಒಂದೂಮುಕ್ಕಾಲು ಅಡಿ. ಹೆಚ್ಚಾಗುವುದು ಎತ್ತರ, ಗೋಡೆಗೇನು ಬಾಡಿಗೆ ಇಲ್ಲವಲ್ಲ. ಇಬ್ಬರಿಗೂ, ನಾಳೆ ಮೂವರಾದರೂ, ಅದೇ ಸಾಕು. ಟೇಪು ಹಿಡಿದು ಮನೆ ಬಾಗಿಲು, ಮೆಟ್ಟಿಲ ತಿರುವು ಅಳೆದುಕೊಂಡು ಹೋಗು.

ಇಡುವ ಜಾಗದ ಬಗ್ಗೆ ಮಾತ್ರ ಹಟ ಹಿಡಿಯುತ್ತೇನೆ. ಈಗಿನ ಹೆಚ್ಚಿನ ಫ್ರಿಜ್ಜುಗಳಿಗೆ ಹಿಂದೆ ಕರಿ ಜಾಲರಿ ಕಾಣದು, ಶಾಖ ಬಿಡುವ ಕೊಳವೆ ಫ್ರಿಜ್ಜಿನ ಪಕ್ಕದ ಗೋಡೆಯೊಳಗೇ ಇರುತ್ತದೆ. ಮಧ್ಯಾಹ್ನ ಪಕ್ಕಕ್ಕೆ ಅಂಗೈ ಒತ್ತಿ ನೋಡು, ಬೆಚ್ಚಗಿರುತ್ತದೆ. ಅದಕ್ಕೆ ಬೀರು ತಾಗಿಸಿ ಇಟ್ಟರೆ ಆ ಶಾಖ ಎಲ್ಲಿಗೆ ಹೋಗಬೇಕು? ಎರಡೂ ಪಕ್ಕ, ಹಿಂದೆ ನಾಲ್ಕು ಬೆರಳಾದರೂ ಬಿಡು. ಒಲೆಯ ಪಕ್ಕ ಬೇಡ, ಸಂಜೆ ಬಿಸಿಲು ಹೊಡೆಯುವ ಪಡುವಣ ಗೋಡೆಗಂತೂ ಬೇಡವೇ ಬೇಡ. ಸಂಡೂರಿನ ನಿನ್ನ ಚಿಕ್ಕಮ್ಮನ ಮನೆಯಲ್ಲಿ ಅದಿರಿನ ಕೆಂಪು ಧೂಳು ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕೂತು ಬಾಗಿಲು ಸರಿಯಾಗಿ ಅಂಟುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಹೋಯಿತು. ಅಳಿಯಂದಿರು ತೋರಣಗಲ್ಲಿನ ಕೆಲಸದಿಂದ ಬಟ್ಟೆ ತುಂಬ ಧೂಳು ತರುವವರು, ನಿಮಗೂ ಅದೇ ರೂಢಿ ಇರಲಿ.

ನಕ್ಷತ್ರದ ಚೀಟಿಯಲ್ಲಿ ನಕ್ಷತ್ರ ಎಣಿಸಿ ಸುಮ್ಮನಾಗಬೇಡ. ಅದರ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದು ಯಾವ ವರ್ಷದ ಚೀಟಿ ಅಂತಲೂ ಇರುತ್ತದೆ. ನಿಯಮ ಆಗಾಗ ಬಿಗಿಯಾಗುವುದರಿಂದ ಹಳೇ ಸರಕಿನ ಐದು ನಕ್ಷತ್ರ ಇಂದಿನ ಐದಲ್ಲ. 180 ಯೂನಿಟ್ ಎಂದಿದ್ದರೆ ತಿಂಗಳಿಗೆ 15 ಆಯಿತು, ಬೇಸಿಗೆಯಲ್ಲಿ ಇನ್ನೂ ಮೇಲೆ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಉಚಿತ ಅಂತ ನೆಚ್ಚಿಕೊಂಡು ಕೂರಬೇಡ. 2023ರಲ್ಲಿ ಶುರುವಾದಾಗ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಪ್ರತಿ ಮನೆಗೂ ಮಿತಿ ಕಟ್ಟಿದರು. ಹಳೇ ಲೆಕ್ಕವಿಲ್ಲದ ಹೊಸ ಮನೆಗೆ ಆಗ 58 ಯೂನಿಟ್ ಇಟ್ಟರು. ಮಿತಿ ದಾಟಿದ್ದಕ್ಕೆ ಕರೆಂಟ್ ಕಂಪನಿ ಜೆಸ್ಕಾಂಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ನಿನ್ನ ಮೀಟರಿನ ಮಿತಿ ಎಷ್ಟು ಅಂತ ಮನೆ ಮಾಲೀಕರ ಹತ್ತಿರ ಬಿಲ್ ಇಸ್ಕೊಂಡು ನೋಡು. ಅದಕ್ಕೇ ಕರೆಂಟ್ ಕಡಿಮೆ ತಿನ್ನುವ ಇನ್ವರ್ಟರ್ ಕಂಪ್ರೆಸರಿನದಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾದರೂ ಕೊಡು.

ಸೆಕೆಂಡ್‌ಹ್ಯಾಂಡ್ ಸಿಗುತ್ತದೆ ಅಂತ ಅಳಿಯಂದಿರು ಹೇಳಿದರೆ ಬಾಗಿಲ ಸಂದಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಲಿ. ಎಳೆದರೆ ಸಲೀಸಾಗಿ ಬಂದರೆ ರಬ್ಬರು ಹೋಗಿದೆ ಅಂತ ಅರ್ಥ. ಹತ್ತು-ಹನ್ನೆರಡು ವರ್ಷದ ಫ್ರಿಜ್ಜಾದರೆ ಪುಕ್ಕಟೆ ಕೊಟ್ಟರೂ ಬೇಡ, ಕರೆಂಟ್ ತಿಂದು ತೀರಿಸುತ್ತದೆ.

ಒಳಗೆ ಎಲ್ಲವನ್ನೂ ತುರುಕಬೇಡ. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಕಟಕ ರೊಟ್ಟಿ ಹೊರಗೇ ಚೆನ್ನಾಗಿರುತ್ತವೆ. ಈರುಳ್ಳಿ, ಆಲೂಗಡ್ಡೆಯೂ ಹೊರಗೇ. ಕಂಪ್ಲಿಯಿಂದ ಬಂದ ಬಾಳೆಹಣ್ಣು ಒಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಹಾಲು, ಮೊಸರು, ದೋಸೆ ಹಿಟ್ಟು, ಸೊಪ್ಪು, ಮಿಕ್ಕಿದ ಸಾರು ಇವಕ್ಕೆ ಜಾಗ. ಮೀನು ತಂದ ದಿನ ಮುಚ್ಚಳದ ಡಬ್ಬಿಯಲ್ಲಿಟ್ಟು ಕೆಳಗಿನ ತಟ್ಟೆಗೆ ಹಾಕು, ಅದರ ನೀರು ಹಾಲಿನ ಮೇಲೆ ತೊಟ್ಟಿಕ್ಕಬಾರದು. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ನಾಲ್ಕು ತಾಸು ತಂಪು ನಿಲ್ಲುತ್ತದೆ.

ಐಸು ಕಟ್ಟಿದ್ದನ್ನು ಚಾಕುವಿನಿಂದ ಕೆರೆಯಬೇಡ. ಒಳಗಿನ ತೆಳು ಅಲ್ಯೂಮಿನಿಯಂ ಹಾಳೆಯ ಹಿಂದೆಯೇ ಗ್ಯಾಸಿನ ದಾರಿ ಇದೆ, ಒಂದು ತೂತು ಬಿದ್ದರೆ ಗ್ಯಾಸೆಲ್ಲ ಹೋಗಿ ಫ್ರಿಜ್ಜು ಬರಿಯ ಕಪಾಟಾಗುತ್ತದೆ. ಈಗಿನ ಗ್ಯಾಸು ಬೆಂಕಿಗೆ ಹತ್ತುವಂಥದ್ದು ಬೇರೆ. ತಂಪು ಹೆಚ್ಚು-ಕಡಿಮೆ ಮಾಡುವ ತಿರುಗಣೆಯ ನಡುವಿನ ಡಿಫ್ರಾಸ್ಟ್ ಗುಂಡಿ ಒತ್ತಿ ಬಿಟ್ಟರೆ ತಾನೇ ಕರಗುತ್ತದೆ.

ಮೂರು ಪಿನ್ನಿನ, ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೇ ಸಿಕ್ಕಿಸು, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ಅಂಗಡಿಯವರು ಸ್ಟೆಬಿಲೈಜರ್ ಬೇಕಿಲ್ಲ ಅಂದರೆ ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಅಂತ ಪುಸ್ತಕದಲ್ಲಿ ತೋರಿಸಿ ಅನ್ನು. ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ, ತಾರೀಖು ಬೀಳಲಿ. ರಿಪೇರಿಯವರು ಹೊಸಪೇಟೆಯಲ್ಲೇ ಇದ್ದಾರೋ, ಬಳ್ಳಾರಿಯಿಂದ ಬರಬೇಕೋ ಅಂತ ದುಡ್ಡು ಎಣಿಸುವ ಮೊದಲೇ ಕೇಳಿಬಿಡು.