ರೇಷ್ಮೆ ಎಳೆಗಿಂತ ಸಣ್ಣ ಅಳತೆ

ರೇಷ್ಮೆ ಎಳೆ ಎಷ್ಟು ಸಣ್ಣದೆಂದು ರೇಷ್ಮೆ ಹುಳು ಸಾಕುವ ಉಯ್ಯಂಬಳ್ಳಿ ಕಡೆಯವರಿಗೆ ನಾನು ಹೇಳಬೇಕಿಲ್ಲ. ಗೂಡಿನಿಂದ ಬಿಚ್ಚಿದ ಒಂಟಿ ಎಳೆಯ ದಪ್ಪ ಸುಮಾರು 20 ಮೈಕ್ರಾನ್ ಎಂದಿಟ್ಟುಕೊಳ್ಳಿ. ಐವತ್ತು ಎಳೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಿಲಿಮೀಟರ್. ವಸ್ತುವೊಂದು ಅದಕ್ಕಿಂತಲೂ ಕಡಿಮೆ ಸರಿದರೆ ಅಳೆಯುವುದು ಹೇಗೆ? ಸ್ಕೇಲಿನ ಗೆರೆಯೇ ಅದಕ್ಕಿಂತ ದಪ್ಪ.

ಕೆರೆಗೆ ಎರಡು ಕಲ್ಲು ಒಟ್ಟಿಗೆ ಎಸೆಯಿರಿ. ಅಲೆಗಳ ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಇನ್ನಷ್ಟು ಏಳುತ್ತದೆ, ಉಬ್ಬಿಗೆ ತಗ್ಗು ಸೇರಿದಲ್ಲಿ ಸುಮ್ಮನಾಗುತ್ತದೆ. ಬೆಳಕೂ ಅಲೆಯೇ. ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಕದಲದ ಕನ್ನಡಿಗೂ ಇನ್ನೊಂದನ್ನು ಸರಿಯುವ ವಸ್ತುವಿನ ಮೇಲಿನ ಕನ್ನಡಿಗೂ ಕಳಿಸುತ್ತೇವೆ. ಮರಳಿ ಬಂದು ಕೂಡಿದಾಗ ಉಬ್ಬಿಗೆ ಉಬ್ಬಾದರೆ ಬೆಳಕು, ತಗ್ಗಾದರೆ ಕತ್ತಲೆ. ಇದೇ ಇಂಟರ್‌ಫೆರೋಮೀಟರ್.

ಈಗ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ಹೀಲಿಯಂ–ನಿಯಾನ್ ಲೇಸರಿನ ಕೆಂಪು ಬೆಳಕಿನ ಅಲೆಯುದ್ದ 633 ನ್ಯಾನೋಮೀಟರ್. ಕಿರಣ ಹೋಗಿ ಬರುವುದರಿಂದ, ಕನ್ನಡಿ ಸರಿದದ್ದರ ಎರಡರಷ್ಟು ದಾರಿ ಬದಲಾಗುತ್ತದೆ. ಹಾಗಾಗಿ ಅಲೆಯುದ್ದದ ಅರ್ಧ, ಸುಮಾರು 316 ನ್ಯಾನೋಮೀಟರ್ ಸರಿದರೆ ಸಾಕು, ಬೆಳಕು ಕತ್ತಲಾಗಿ ಮತ್ತೆ ಬೆಳಕಾಗುತ್ತದೆ. ರೇಷ್ಮೆ ಎಳೆಯ ದಪ್ಪದಷ್ಟು ಸರಿದರೆ ಹೀಗೆ 63 ಸಲ! ಎಣಿಸುತ್ತಾ ಹೋಗುವುದೇ ಅಳತೆ. ಎರಡು ಎಣಿಕೆಗಳ ನಡುವಿನ ಹೊಳಪನ್ನೂ ಅಳೆದರೆ ಇನ್ನೂ ಸಣ್ಣ ಚಲನೆ ಸಿಗುತ್ತದೆ.

ಹೊಸಬರು ಮರೆಯುವುದು ಗಾಳಿಯನ್ನು. ಗಾಳಿಯ ಬಿಸಿ ಒಂದು ಡಿಗ್ರಿ ಏರಿಳಿದರೂ ಒಂದು ಮೀಟರ್ ಅಳತೆಯಲ್ಲಿ ಸುಮಾರು ಒಂದು ಮೈಕ್ರಾನ್ ತಪ್ಪು ನುಸುಳುತ್ತದೆ. ಹುಳು ಸಾಕುವ ಮನೆಯಲ್ಲಿ ಬಿಸಿ, ತೇವ ಕಾಯುವಷ್ಟೇ ಶ್ರದ್ಧೆ ಇಲ್ಲೂ ಬೇಕು.

ಅಮೆರಿಕದ ಲೈಗೋ ಎಂಬ ದೊಡ್ಡ ಇಂಟರ್‌ಫೆರೋಮೀಟರಿನಲ್ಲಿ ಗಾಳಿಯ ಈ ಕಾಟ ಇರದಂತೆ ಕಿರಣಗಳು 4 ಕಿಲೋಮೀಟರ್ ಉದ್ದದ ನಿರ್ವಾತ ಕೊಳವೆಗಳಲ್ಲಿ ಓಡಾಡುತ್ತವೆ. 2015ರ ಸೆಪ್ಟೆಂಬರ್ 14ರಂದು ಅದು ಪ್ರೋಟಾನಿನ ಅಗಲಕ್ಕಿಂತಲೂ ನೂರಾರು ಪಟ್ಟು ಸಣ್ಣ ಕದಲಿಕೆಯನ್ನು ಗುರುತಿಸಿತು. ಎರಡು ಕಪ್ಪುಕುಳಿಗಳು ಸೇರಿ ಒಂದಾದಾಗ ಹೊಮ್ಮಿದ ಗುರುತ್ವ ಅಲೆ ತಂದ ಕದಲಿಕೆ ಅದು. ಕದಡಿದ ಕಪ್ಪುಕುಳಿ ಬಡಿದ ಗಂಟೆಯ ನಾದದಂತೆ ಅಲೆ ಹೊಮ್ಮಿಸುತ್ತಾ ಶಾಂತವಾಗುತ್ತದೆಂದು 1970ರಲ್ಲೇ ಲೆಕ್ಕದಿಂದ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 2016ರ ಫೆಬ್ರವರಿಯಲ್ಲಿ ಲೈಗೋದ ಸುದ್ದಿ ಹೊರಬಿದ್ದಾಗ ಅವರು ನಮ್ಮೊಡನಿದ್ದರು. 2017ರ ಜನವರಿಯಲ್ಲಿ ತೀರಿಕೊಂಡರು.