ಅಡುಗೆಮನೆಗೆ ಹೊಸ ಫ್ರಿಜ್: ಕೂರಿಸುವ ಕ್ರಮ ಮತ್ತು ಪೋಷಣೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು 1898ರ ಪ್ಲೇಗಿನ ಬೆನ್ನಿಗೆ ಬೆಳೆದವು. ಅಲ್ಲಿ ಉಳಿದಿರುವ ಹಳೆಯ ಮನೆಗಳ ಅಡುಗೆಕೋಣೆಗಳು ಸೌದೆ ಒಲೆಯ ಕಾಲದವು. ಫ್ರಿಜ್‌ಗೆ ಜಾಗವನ್ನು ಹುಡುಕಬೇಕು. ನಿಮ್ಮ ತೊಟ್ಟಿಮನೆಗೂ ಇದೇ ಮಾತು ಅನ್ವಯಿಸುತ್ತದೆ.

ಒಳಗಿನ ಶಾಖವನ್ನು ಹೊರಗೆ ಚೆಲ್ಲುವುದೇ ಈ ಯಂತ್ರದ ಕೆಲಸ. ಆದುದರಿಂದ ಒಲೆಯ ಪಕ್ಕ ಬೇಡ. ಗೋಡೆಯಿಂದ ಸುಮಾರು 10 ಸೆಂ.ಮೀ. ಅಂತರವಿರಲಿ. ಹಳೆಯ ಕಲ್ಲುಹಾಸು ಸಮತಟ್ಟಾಗಿರುವುದು ಅಪರೂಪ. ಮುಂದಿನ ಕಾಲುಗಳನ್ನು ತಿರುಗಿಸಿ ತುಸು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಮಲಗಿಸಿ ತಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿದ ಮೇಲೆ ವಿದ್ಯುತ್ ಕೊಡಿರಿ. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ಭೂಸಂಪರ್ಕದ ತಂತಿ ಇಲ್ಲದಿರಬಹುದು. ಇದನ್ನು ಬಲ್ಲವರಿಂದ ಪರೀಕ್ಷಿಸದೆ ಫ್ರಿಜ್ ಹಚ್ಚಲೇಬೇಡಿ.

ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಸೊಪ್ಪು, ಸುಲಿದ ಅವರೆಕಾಳು ಚೆನ್ನಾಗಿ ಉಳಿಯುತ್ತವೆ. ಬಾಳೆಗೆ 13 ಡಿಗ್ರಿಗಿಂತ ಕಡಿಮೆ ಚಳಿ ಆಗದು, ಸಿಪ್ಪೆ ಕಪ್ಪಾಗುತ್ತದೆ. ದೋರೆ ಟೊಮ್ಯಾಟೊ ಸರಿಯಾಗಿ ಹಣ್ಣಾಗುವುದಿಲ್ಲ. ಶೇಂಗಾ ಬೀಜೋಪಚಾರಕ್ಕೆ ತಂದ ರೈಜೋಬಿಯಂ ಪೊಟ್ಟಣವನ್ನು ಮುಚ್ಚಿದ ಡಬ್ಬಿಯಲ್ಲಿ ಕೆಳಗಿನ ಅರೆಯಲ್ಲಿಡಬಹುದು, ಹಿಮದ ಖಾನೆಯಲ್ಲಲ್ಲ. ಕೀಟನಾಶಕವನ್ನು ಮಾತ್ರ, ಒಂದು ರಾತ್ರಿಯ ಮಟ್ಟಿಗೂ, ಒಳಗಿಡಕೂಡದು. ಮಕ್ಕಳು ಕೈಹಾಕುವ ಪೆಟ್ಟಿಗೆ ಅದು.

ಬಾಗಿಲ ರಬ್ಬರನ್ನು ಆಗಾಗ್ಗೆ ಒರೆಸಿರಿ. ಬಾಗಿಲಿಗೆ ಸಿಕ್ಕಿಸಿದ ಕಾಗದ ಸಲೀಸಾಗಿ ಜಾರಿ ಬಂದರೆ ಹಿಡಿತ ಸಡಿಲಾಗಿದೆಯೆಂದು ತಿಳಿಯಿರಿ. ಹಿಮವನ್ನು ಚಾಕುವಿನಿಂದ ಕೆರೆಯಬೇಡಿ: ಈಗಿನ ಹಲವು ಫ್ರಿಜ್‌ಗಳ ಕೊಳವೆಯಲ್ಲಿರುವ ಐಸೋಬ್ಯೂಟೇನ್ ಅನಿಲ ಉರಿಯುವಂಥದು. ಕೊಳವೆ ತೂತಾದರೆ ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ಕಿಟಕಿಗಳನ್ನು ತೆರೆದು ಹೊರಬನ್ನಿರಿ.