ಐದೂವರೆಗಿಂತ ಮುಂಚೆ ಹೊರಡುವವರಿಗೆ

ತಿತಿಮತಿಯಲ್ಲಿ ಕತ್ತಲಾಗುವ ಮೊದಲೇ ಮನೆ ಸೇರಬೇಕು ಅನ್ನಿಸುವುದು ಸೋಮಾರಿತನವಲ್ಲ. ಪಕ್ಕದಲ್ಲೇ ನಾಗರಹೊಳೆ ಕಾಡು. ಸಂಜೆಯಾದರೆ ಕಾಫಿ ತೋಟದಿಂದ ಆನೆ ರಸ್ತೆಗಿಳಿಯುತ್ತದೆ. ಗೋಣಿಕೊಪ್ಪಲಿನ ಕಡೆಗೋ ಹುಣಸೂರಿನ ಕಡೆಗೋ ಹೋಗುವ ಬಸ್ಸು ತಪ್ಪಿದರೆ ಜೀವ ಕೈಯಲ್ಲಿ ಹಿಡಿದೇ ಹೋಗಬೇಕು. ಆದರೆ ಸರ್ಕಾರಿ ಕಚೇರಿಯ ವೇಳೆ ಸಂಜೆ 5.30ರವರೆಗೆ. ಬೇಗ ಹೊರಡಿ, ಕದ್ದು ಹೊರಡಬೇಡಿ.

1. ಬೆಳಿಗ್ಗೆಯೇ ಕೇಳಿ. ಹತ್ತು ಗಂಟೆಗೆ "ಸಾರ್, ಇವತ್ತು ನಾಲ್ಕರ ಬಸ್ಸಿಗೆ ಹೋಗ್ಬೇಕು" ಎಂದವರಿಗೆ ಸಿಗುವ ಒಪ್ಪಿಗೆ, ಬ್ಯಾಗು ಹೆಗಲಿಗೇರಿಸಿ ಕೇಳಿದವರಿಗೆ ಸಿಗುವುದಿಲ್ಲ.

2. ಚಲನವಲನ ವಹಿಯಲ್ಲಿ ನಿಜ ಬರೆಯಿರಿ. "ಸ್ಥಳ ಪರಿಶೀಲನೆ" ಎಂದು ಬರೆದು ಮನೆಯ ದಾರಿ ಹಿಡಿಯಬೇಡಿ. ದಾರಿಯಲ್ಲಿ ಆನೆ ಎದುರಾಗಿ ಏನಾದರೂ ಆದರೆ, ಹುಡುಕುವವರು ಆ ಸಾಲನ್ನು ನಂಬಿ ಬೇರೆ ದಿಕ್ಕಿಗೆ ಹೋಗುತ್ತಾರೆ.

3. ಎದುರಿಗೆ ನಿಂತವರ ಕೆಲಸ ಮುಗಿಸಿ ಏಳಿ. ಎಲ್ಲಕ್ಕಿಂತ ದೊಡ್ಡದು ಇದು. ಹಾಡಿಯಿಂದ, ತೋಟದ ಲೈನ್‌ಮನೆಯಿಂದ ಅರ್ಜಿ ಹಿಡಿದು ಬರುವ ಜೇನುಕುರುಬರು, ಎರವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಕೂಲಿ ಬಿಡಲಾಗದವರು ತೋಟದ ಕೆಲಸ ಮುಗಿಸಿಕೊಂಡು ಬರುವ ಹೊತ್ತಿಗೆ ನಾಲ್ಕು ದಾಟಿರುತ್ತದೆ. "ಈಗ್ ತಾನೇ ಹೋದ್ರು, ನಾಳೆ ಬಾ" ಎಂಬ ಮಾತು ಕೇಳಿ ಖಾಲಿ ಕುರ್ಚಿ ನೋಡಿ ಮರಳುವ ಹೆಂಗಸಿಗೆ ನಾಳೆಯ ಕೂಲಿಯೂ ಹೋಯಿತು. ಅವಳು ನಡೆದು ಹೋಗುವುದೂ ಆನೆ ಓಡಾಡುವ ದಾರಿಯಲ್ಲೇ. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಯೋಜನೆಯಲ್ಲಿ, ಸರ್ಕಾರಿ ಸೇವೆ ಕೊಡುವ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರವಿದೆ. ಅವಳು ಕಳೆದುಕೊಂಡ ಕೂಲಿಗೆ ಅದು ಯಾವ ಮೂಲೆಗೆ?

4. ಬೀಗದ ಕೈ, ಬಾಕಿ ಕಡತ ಎರಡನ್ನೂ ಒಬ್ಬರಿಗೆ ಹೇಳಿ ಒಪ್ಪಿಸಿ.

5. ಪದೇ ಪದೇ ಬೇಕಾದರೆ ಅರ್ಧ ದಿನದ ರಜೆ ಹಾಕಿ. ನಾಲ್ಕನೇ ಶನಿವಾರ ರಜೆಯಾದ 2019ರಲ್ಲಿ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಕಡಿಮೆಯೇ, ಒಪ್ಪುತ್ತೇನೆ. ಆದರೂ ರಜೆ ಉಳಿಸಿಕೊಳ್ಳಲು ಜನರ ಹೊತ್ತನ್ನು ಕದಿಯುವುದು ತಪ್ಪು.

6. ಮೇಲಧಿಕಾರಿಗಳೇ, ನೀವು ಮೂರಕ್ಕೇ ಜೀಪು ಹತ್ತಿದರೆ ಉಳಿದವರನ್ನು ಹಿಡಿದು ನಿಲ್ಲಿಸಲು ಯಾವ ಬಾಯಿ? ಆನೆ ಬಂದ ಸುದ್ದಿಯಿದ್ದ ದಿನ ದೂರದ ಊರಿನವರನ್ನು ಒಟ್ಟಿಗೆ ಮೊದಲು ಕಳಿಸಿ, ಹತ್ತಿರದವರೊಬ್ಬರು ಕಚೇರಿಯಲ್ಲಿರಲಿ. ಉಳಿಯುವ ಸರದಿ ಪ್ರತಿಸಲ ಒಬ್ಬರಿಗೇ ಬೀಳದಂತೆ ನೋಡಿಕೊಳ್ಳಿ. ಕಚೇರಿಯಲ್ಲಿ ಉಳಿದವರು ಮನೆ ಮುಟ್ಟಿದರೇ ಎಂದು ರಾತ್ರಿ ಒಂದು ಫೋನ್ ಮಾಡಿ ಕೇಳಿ.